ಕತೆ ಕಾಯ್ದ ಕೆರೆ, ಕತೆ ಕೊಂದ ಕಾಡುಪಾಪ

ಯಲಹಂಕದ ಕೆಂಪೇಗೌಡರು ಬೇಟೆಗೆ ಹೊರಟಿದ್ದರಂತೆ. ಪೊದೆಯಿಂದ ಎದ್ದ ಮೊಲವೊಂದು ಓಡಿಹೋಗುವ ಬದಲು ತಿರುಗಿ ನಿಂತಿತು, ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು. ಮೊಲಕ್ಕೇ ಇಷ್ಟು ಕೆಚ್ಚು ಕೊಡುವ ನೆಲ ಗಂಡುಭೂಮಿಯೇ ಸರಿ ಎಂದುಕೊಂಡ ಗೌಡರು ಅಲ್ಲೇ ಊರು ಕಟ್ಟಲು ತೀರ್ಮಾನಿಸಿದರು. 1537ರಲ್ಲಿ ಬೆಂಗಳೂರು ಪೇಟೆ ಹುಟ್ಟಿದ ಬಗೆಯನ್ನು ಕೇಳಿದರೆ ಇವತ್ತಿಗೂ ಮೊದಲು ಎದ್ದು ಬರುವುದು ಈ ಮೊಲವೇ.

ಮೊಲ ಬೆಂಗಳೂರಿನದಷ್ಟೇ ಆಗಿದ್ದರೆ ಮಾತು ಬೇರೆ. ಇದಕ್ಕೂ ಮುಂಚೆ ಅದು ತುಂಗಭದ್ರೆಯ ದಡದಲ್ಲಿ ಹಕ್ಕ-ಬುಕ್ಕರ ನಾಯಿಗಳನ್ನು ಹೆದರಿಸಿ ವಿಜಯನಗರಕ್ಕೆ ಜಾಗ ತೋರಿಸಿತ್ತು. ಗುಜರಾತಿನಲ್ಲಿ ಅಹ್ಮದ್ ಶಾಹನ ನಾಯಿಗಳ ಮೇಲೆ ಏರಿಹೋಗಿ ಅಹಮದಾಬಾದಿಗೆ ಕಾರಣವಾಯಿತು. ಶೃಂಗೇರಿಯಲ್ಲಿ ಮೊಲದ ಜಾಗಕ್ಕೆ ಕಪ್ಪೆ ಬಂದಿದೆ. ಹೆರಿಗೆ ನೋವಿನ ಕಪ್ಪೆಗೆ ಬಿಸಿಲು ತಾಗದ ಹಾಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟದ್ದನ್ನು ಶಂಕರರು ಕಂಡರು ಎಂಬುದು ಅಲ್ಲಿನ ಕತೆ. ಈ ನೆಲದಲ್ಲೇ ಏಕೆ ಊರು ಎಂಬ ಪ್ರಶ್ನೆಗೆ ಜನ ಪ್ರಾಣಿಗಳ ಬಾಯಲ್ಲಿ ಉತ್ತರ ಹೇಳಿಸುತ್ತಲೇ ಬಂದಿದ್ದಾರೆ.

ನೆಲದ ಉತ್ತರ ಬೇರೆಯೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ದಿಣ್ಣೆಯ ನೆತ್ತಿ, ಯಲಹಂಕದ ಪಕ್ಕದ ದೊಡ್ಡಬೆಟ್ಟಹಳ್ಳಿಯಲ್ಲಿ, 962 ಮೀಟರ್ ಮುಟ್ಟುತ್ತದೆ. ಈ ಬೆನ್ನಿನ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ಊರೊಳಗೆ ದೊಡ್ಡ ನದಿ ಇಲ್ಲ. ಆದರೆ ಮೂರು ಕಣಿವೆಗಳ ಇಳಿಜಾರು ಕೆರೆ ಕಟ್ಟಲು ಹೇಳಿ ಮಾಡಿಸಿದಂತಿದೆ. ಅಂಥ ಒಂದು ಇಳಿಜಾರಿನಲ್ಲಿ, ಹೆಬ್ಬಾಳ ಕಣಿವೆಯ ಕಡೆಗೆ, ಕೊಡಿಗೇಹಳ್ಳಿ ಇದೆ. ಕೆಂಪೇಗೌಡರ ತಾಯಿಯ ಮತ್ತು ಹೆಂಡತಿಯ ತವರು ಕೊಡಿಗೇಹಳ್ಳಿಯ ಪಕ್ಕದ ಹಳೇಬೆಂಗಳೂರು ಎಂಬ ಸಣ್ಣ ಹಳ್ಳಿ, ಆ ಹೆಸರನ್ನೇ ಗೌಡರು ಹೊಸ ಪೇಟೆಗೆ ಇಟ್ಟರು ಎಂಬ ಮಾತು ಬೆಂಗಳೂರಿನ ಚರಿತ್ರೆ ಬರೆದವರಲ್ಲಿ ಬಳಕೆಯಲ್ಲಿದೆ. ಹಾಗಿದ್ದರೂ ಜನ ಹೆಚ್ಚು ಮೆಚ್ಚಿದ್ದು ದೊರೆ ವೀರಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಬಡಿಸಿದ್ದರಿಂದ ಊರಿಗೆ ಆ ಹೆಸರು ಬಂತೆಂಬ ಕತೆಯನ್ನು. ಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದಿನ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರಿದೆ ಎಂದು ಎಷ್ಟು ಸಲ ಹೇಳಿದರೂ ಮುದುಕಿಯ ಕಾಳು ಬೇಯುತ್ತಲೇ ಇದೆ.

ಕಾಳಿನ ಕತೆಯಿಂದ ಯಾರಿಗೂ ನಷ್ಟವಿಲ್ಲ, ಮೊಲದ ಕತೆಯಿಂದಲೂ ಇಲ್ಲ. ಎಲ್ಲ ಕತೆಗಳೂ ಹೀಗೆ ನಿರುಪದ್ರವಿ ಅಲ್ಲ. ನೆಲ, ನೀರು, ಮಳೆ, ಪ್ರಾಣಿ, ಆಕಾಶ ಇವುಗಳ ಬಗ್ಗೆ ಜನ ನಂಬಿದ ಕತೆ ಅವರ ಕೈಯಿಂದ ಕೆಲಸ ಮಾಡಿಸುತ್ತದೆ. ಒಂದು ಕತೆ ಕೆರೆಯ ಹೂಳು ಎತ್ತಿಸುತ್ತದೆ. ಇನ್ನೊಂದು ಪಾಪದ ಪ್ರಾಣಿಯ ಕಣ್ಣು ಕೀಳಿಸುತ್ತದೆ. ಹಾಗಾಗಿ ಕತೆ ನಿಜವೋ ಸುಳ್ಳೋ ಎಂದು ಕೇಳುವುದರ ಜೊತೆಗೆ, ಅದನ್ನು ನಂಬಿದವರು ಏನು ಮಾಡಿದರು ಎಂದೂ ಕೇಳಬೇಕಾಗುತ್ತದೆ.

ಏರಿಯ ಮೇಲಿನ ಕತೆ

ಬಯಲುಸೀಮೆಯ ಕೆರೆ ತಾನಾಗಿ ಹುಟ್ಟಿದ್ದಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಗದ್ದೆಗೆ ನೀರು ಬಿಡಲು ತೂಬು ಇಟ್ಟು, ಮಿಕ್ಕ ನೀರು ಹೋಗಲು ಕೋಡಿ ತೆಗೆದು ಕಟ್ಟಿದ್ದು. ಒಂದರ ಕೋಡಿ ಹರಿದರೆ ಮುಂದಿನದಕ್ಕೆ ನೀರು. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಇಂಥ ಒಂದು ಸಾಲು. ಅದು ಮುಂದೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಕಡೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸಾಗುತ್ತದೆ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇದ್ದ. ಆದರೂ ವರ್ಷ ವರ್ಷ ಹೂಳು ತೆಗೆಯದಿದ್ದರೆ, ಏರಿಯಲ್ಲಿ ಬೇರು ಬಿಟ್ಟ ಗಿಡ ಕೀಳದಿದ್ದರೆ ಎರಡು ತಲೆಮಾರಿನಲ್ಲಿ ಕೆರೆ ಮುಗಿಯುತ್ತದೆ. ತಾನು ಕಟ್ಟದ ಕೆರೆಗೆ, ತಾನು ಕಾಣದ ಮೊಮ್ಮಕ್ಕಳಿಗಾಗಿ ಬೆನ್ನು ಬಗ್ಗಿಸುವಂತೆ ಮಾಡುವುದು ಬರಿಯ ಕಟ್ಟಳೆಯಿಂದ ಆಗುವ ಕೆಲಸವಲ್ಲ.

ಇಲ್ಲಿ ‘ಕೆರೆಗೆ ಹಾರ’ ನೆನಪಾಗುತ್ತದೆ. ಕನ್ನಡ ಜನಪದದ ಈ ಕಥನಗೀತೆಯಲ್ಲಿ ಕಲ್ಲನಕೇರಿಯ ಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರೂ ನಿಲ್ಲುವುದಿಲ್ಲ. ಬಲಿ ಬೇಕೆಂದು ಶಾಸ್ತ್ರ ಹೇಳಿಸಿಕೊಂಡ ಮನೆ ಹಿರಿಸೊಸೆಯರನ್ನು ಬಿಟ್ಟು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತದೆ. ಅವಳು ತವರಿಗೆ ಹೋಗಿ ಬಂದು, ಹೆತ್ತವರಿಗೆ ನಿಜ ಹೇಳದೆ ಕೆರೆಗೆ ಇಳಿಯುತ್ತಾಳೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಏರುತ್ತದೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ನೀರಿಗೆ ಹಾರುತ್ತಾನೆ.

ಈ ಹಾಡು ಕೇಳಿ ಬೆಳೆದವರಿಗೆ ಕೆರೆ ಎಂದರೆ ಒಂದು ಜೀವದ ಋಣ. ಅದನ್ನು ಹೊಲಸು ಮಾಡಲು ಕೈ ಹಿಂಜರಿಯುತ್ತಿತ್ತು. ಆದರೆ ಅದೇ ಹಾಡು ಇನ್ನೊಂದು ಪಾಠವನ್ನೂ ಸದ್ದಿಲ್ಲದೆ ಕಲಿಸಿತು. ಊರಿನ ಬಾಯಾರಿಕೆಗೆ ಬೆಲೆ ತೆರಬೇಕಾದಾಗ ಮನೆಯಲ್ಲಿ ಮಾತಿಗೆ ಬಲವಿಲ್ಲದವಳನ್ನು ಮುಂದೆ ದೂಡಬಹುದು ಎಂಬ ಪಾಠ. ನೀರಿನ ಬೆಲೆ ಮತ್ತು ಹೆಣ್ಣಿನ ಅಗ್ಗತನ ಎರಡೂ ಒಂದೇ ಕತೆಯ ಒಳಗಿವೆ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಟ್ಟರೆ ಓದು ಅರ್ಧವಾಗುತ್ತದೆ.

ಕೆರೆ ಸತ್ತ ಮೇಲೂ ಕತೆ ಅದರ ಜಾಗ ಹಿಡಿದು ನಿಲ್ಲುವುದುಂಟು. ಸಂಪಂಗಿ ಕೆರೆ ಬತ್ತಿ ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಧರ್ಮಾಂಬುಧಿ ಪೂರ್ತಿ ಮರೆತುಹೋಯಿತು, ಸಂಪಂಗಿ ಮರೆಯಲಿಲ್ಲ. ಕಾರಣ ಕರಗ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ವೀರಕುಮಾರರನ್ನು ಸೃಷ್ಟಿಸಿದಳು, ಪ್ರತಿವರ್ಷ ಬಂದುಹೋಗುವ ಮಾತು ಕೊಟ್ಟಳು ಎಂದು ತಿಗಳ ಸಮುದಾಯ ನಂಬಿದೆ. ಕೆರೆಗಳ ನೀರಿನಲ್ಲಿ ಹೂವು ತರಕಾರಿ ಬೆಳೆದು ಪೇಟೆಗೆ ಉಣಿಸಿದವರು ಅವರು. ಚೈತ್ರದ ಕರಗದಲ್ಲಿ ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯ ನೀರೇ ಬೇಕು. ಅದಕ್ಕಾಗಿಯೇ ಕ್ರೀಡಾಂಗಣದ ಮಗ್ಗುಲಲ್ಲಿ ಆ ಕೆರೆಯ ಒಂದು ಸಣ್ಣ ಹೊಂಡ ಉಳಿದಿದೆ. ಸರ್ವೆ ನಕ್ಷೆ ಉಳಿಸದೆ ಬಿಟ್ಟದ್ದನ್ನು ದ್ರೌಪದಿಯ ಮಾತು ಉಳಿಸಿತು.

ಈಗಿನ ನಗರ ಕೆರೆಗೆ ಬೇರೆಯದೇ ಕತೆ ಹೇಳುತ್ತದೆ. ಅದರ ಹೆಸರು ‘ಲೇಕ್ ವ್ಯೂ’. ಬಾಲ್ಕನಿಯಿಂದ ಕಾಣುವ ಚಂದದ ಚಿತ್ರವೇ ಈ ಕತೆಯ ಕೆರೆ. ಅದರ ಹಿಂದೆ ಒಂದು ಕೆರೆ, ಮುಂದೆ ಒಂದು ಕೆರೆ, ನಡುವೆ ರಾಜಕಾಲುವೆ ಎಂಬ ಸಂಗತಿ ಅದರಲ್ಲಿ ಬರುವುದಿಲ್ಲ. 2024ರ ಅಕ್ಟೋಬರ್ ಮಳೆಗೆ ಯಲಹಂಕ ಕೆರೆ ತುಂಬಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು, ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. 2021ರ ನವೆಂಬರಿನಲ್ಲೂ ಅಲ್ಲಿ ಇದೇ ಆಗಿತ್ತು. ಸುದ್ದಿಯಲ್ಲಿ ಅದು ಅತಿವೃಷ್ಟಿ. ಕೋಡಿ ಎಲ್ಲಿ ಹರಿಯುತ್ತದೆ ಎಂದು ಬಲ್ಲ ಹಳಬರಿಗೆ ಅದು ಗೊತ್ತಿದ್ದ ದಾರಿಯಲ್ಲಿ ಬಂದ ಗೊತ್ತಿದ್ದ ನೀರು.

ಹೆಸರು ಹೊತ್ತ ಮಳೆಗಳು

ಕೊಡಿಗೇಹಳ್ಳಿ ಗೇಟಿನಿಂದ ಬಳ್ಳಾರಿ ರಸ್ತೆಗೆ ಬಂದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ದೂರವಿಲ್ಲ. ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಅದರ ಬೇರು ಇನ್ನೂ ಹಿಂದಕ್ಕೆ, 1899ಕ್ಕೆ ಹೋಗುತ್ತದೆ. ಆಗ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ಮಾಡಿಸಿದ್ದರು. ಇವತ್ತು ಜಿಕೆವಿಕೆಯ ಕೃಷಿ ಹವಾಮಾನ ಘಟಕ ವಾರಕ್ಕೆ ಎರಡು ಸಲ ರೈತರಿಗೆ ಮಳೆ, ಗಾಳಿ, ಬಿತ್ತನೆಯ ಸೂಚನೆ ಕೊಡುತ್ತದೆ.

ಈ ಸೂಚನೆ ಬರುವ ಮೊದಲು ರೈತ ಕೈಕಟ್ಟಿ ಕೂತಿರಲಿಲ್ಲ. ಅವನ ಹತ್ತಿರ ಮಳೆನಕ್ಷತ್ರಗಳಿದ್ದವು. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದನ್ನು ದಾಟಲು ಸುಮಾರು ಹದಿಮೂರೂವರೆ ದಿನ. ಮೇ ಕೊನೆಯಲ್ಲಿ ರೋಹಿಣಿ, ಜೂನ್ ಎರಡನೇ ವಾರ ಮೃಗಶಿರ, ಕೊನೆಯ ವಾರ ಆರಿದ್ರ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಗಸ್ಟಿಗೆ ಆಶ್ಲೇಷ, ಮಘೆ, ಮುಂದೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಪ್ರತಿ ಮಳೆಗೂ ಒಂದು ಸ್ವಭಾವ, ಒಂದು ಗಾದೆ. ಆರಿದ್ರ ಆರದೆ ಹುಯ್ಯಬೇಕು. ಚಿತ್ತೆಯದು ವಿಚಿತ್ರ ನಡೆ. ಸ್ವಾತಿಯ ಹನಿಗೆ ಮುತ್ತಿನ ಹೆಸರು. ರಾಗಿ ಯಾವಾಗ ಬಿತ್ತಬೇಕು, ಕುಂಟೆ ಯಾವಾಗ ಹೊಡೆಯಬೇಕು, ಹುರುಳಿ ಯಾವಾಗ ಚೆಲ್ಲಬೇಕು ಎಂಬುದೆಲ್ಲ ಈ ಹೆಸರುಗಳಿಗೆ ಗಂಟು ಹಾಕಿಕೊಂಡಿತ್ತು.

ಇದನ್ನು ಮಳೆಯ ಮುನ್ಸೂಚನೆ ಎಂದು ಓದಿದರೆ ತಪ್ಪಾಗುತ್ತದೆ. ಈ ವರ್ಷ ಎಷ್ಟು ಮಳೆ ಎಂದು ಆರಿದ್ರ ಹೇಳಲಾರದು. ಬಹಳ ವರ್ಷ ನೋಡಿದವರು ಸರಾಸರಿ ಹೀಗಿರುತ್ತದೆ ಎಂದು ಗುರುತು ಮಾಡಿಟ್ಟ ಪಂಚಾಂಗ ಅದು, ಅಕ್ಷರ ಬಾರದವರೂ ಬಾಯಲ್ಲಿ ಹೊತ್ತು ಸಾಗಿಸಬಹುದಾದಂಥದು. ಬೆಂಗಳೂರಿಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆಗಳ ಮೇಲೆ ರಾಗಿಯವನ ಕಣ್ಣು ಇದ್ದದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಈ ಪಂಚಾಂಗದಲ್ಲಿ ಒಂದು ಸಡಿಲ ಮೊಳೆಯೂ ಇದೆ. ಭೂಮಿಯ ಅಕ್ಷ ನಿಧಾನವಾಗಿ ಸುತ್ತುವುದರಿಂದ ಸುಮಾರು 950 ವರ್ಷಕ್ಕೊಮ್ಮೆ ಋತುಗಳು ಒಂದು ಪೂರಾ ನಕ್ಷತ್ರದಷ್ಟು ಜಾರುತ್ತವೆ. ಚಾಲುಕ್ಯರ ಕಾಲದ ಆರಿದ್ರವೂ ಈಗಿನ ಆರಿದ್ರವೂ ಒಂದೇ ಋತುವಿನಲ್ಲಿ ಇಲ್ಲ. ಅದರ ಮೇಲೆ ಈಗ ಹವಾಮಾನವೇ ಅದಲುಬದಲಾಗುತ್ತಿದೆ. ಗಾದೆ ನಂಬಿ ಬಿತ್ತುವವನು ಜಿಕೆವಿಕೆಯ ಸೂಚನೆಯನ್ನೂ ನೋಡುವುದು ಜಾಣತನ. ಸೂಚನೆ ಬರೆಯುವವರು ದಿನಾಂಕದ ಜೊತೆಗೆ ಮಳೆಯ ಹೆಸರನ್ನೂ ಬರೆದರೆ ಅದು ಹೊಲದವರೆಗೆ ಬೇಗ ತಲುಪುತ್ತದೆ.

ಅದೇ ಮಳೆಯ ಸುತ್ತ ಹುಟ್ಟಿದ ಇನ್ನೊಂದು ಕತೆ ಎದೆ ನಡುಗಿಸುತ್ತದೆ. ತೊನ್ನು ಇದ್ದವರ ಶವವನ್ನು ಹೂತರೆ ಮಳೆ ಬರುವುದಿಲ್ಲ ಎಂಬ ನಂಬಿಕೆ ಮಧ್ಯ ಮತ್ತು ಉತ್ತರ ಕರ್ನಾಟಕದ ಕೆಲವೆಡೆ ಇದೆ. ಬರಗಾಲದಲ್ಲಿ ಗೋರಿ ಅಗೆದು ಹೆಣ ತೆಗೆದು ಸುಟ್ಟ ಘಟನೆಗಳು ಮತ್ತೆ ಮತ್ತೆ ಸುದ್ದಿಯಾಗಿವೆ. ತೊನ್ನು ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವ ಸ್ಥಿತಿ. ಅದು ಅಂಟುವುದಿಲ್ಲ, ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ. ಮಳೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗದಾಗ ಕತೆ ಯಾರನ್ನಾದರೂ ತಪ್ಪಿತಸ್ಥರನ್ನಾಗಿ ಮಾಡಿಬಿಡುತ್ತದೆ, ಅದೂ ಸತ್ತ ಮೇಲೆ.

ಒಂದೇ ಹುಲಿ, ಎರಡು ಕತೆ

ಕನ್ನಡದ ಮಗುವಿಗೆ ಮೊದಲು ಪರಿಚಯವಾಗುವ ಹುಲಿ ಅರ್ಭುತ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದಾಗ ಅದು ನಾಚಿ ಪ್ರಾಣ ಬಿಡುತ್ತದೆ. ಈ ಹಾಡಿನ ಶಕ್ತಿ ದೊಡ್ಡದು. ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಗೆ ಇದೇ ಬೆನ್ನೆಲುಬು. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಹಸುಗಳನ್ನು ದತ್ತು ಪಡೆಯುವ ಯೋಜನೆಗೆ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ಹಾಡು ಕಲಿಸಿದ್ದು ಸತ್ಯದ ಬೆಲೆಯನ್ನು. ಜೊತೆಗೆ, ಹಸಿದ ಹುಲಿ ತಪ್ಪು ಮಾಡುತ್ತಿದೆ, ಪಶ್ಚಾತ್ತಾಪ ಪಡಬೇಕಾದದ್ದು ಅದು ಎಂಬ ಭಾವನೆಯೂ ಮಗುವಿನ ಮನಸ್ಸಿಗೆ ಇಳಿಯಿತು. ಹುಲಿ ಹುಲ್ಲು ತಿನ್ನಲಾರದು ಎಂಬುದನ್ನು ಮಗು ಆಮೇಲೆ ಬೇರೆ ಕಡೆ ಕಲಿಯಬೇಕು.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಬೇರೆ ಥರ. ಪಕ್ಕದ ಬೆಟ್ಟಗಳ ಮಾದಪ್ಪ ಹುಲಿ ಏರಿ ಬರುವ ದೇವರು. ಹುಲಿವೀರಪ್ಪ ಎಂದು ಹುಲಿಯನ್ನೇ ಪೂಜಿಸುವುದೂ ಉಂಟು. ಅವರ ಕತೆಯಲ್ಲಿ ಹುಲಿ ನಾಚಿಕೊಂಡು ಸಾಯುವುದಿಲ್ಲ. ಅದಕ್ಕೆ ಅದರ ದಾರಿ, ಮನುಷ್ಯನಿಗೆ ಮನುಷ್ಯನ ದಾರಿ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಸಿಕ್ಕ ಲೆಕ್ಕ 563 ಹುಲಿ, ಮಧ್ಯಪ್ರದೇಶ ಬಿಟ್ಟರೆ ದೇಶದಲ್ಲೇ ಹೆಚ್ಚು. ಕ್ಯಾಮೆರಾ, ಗಸ್ತು, ಕಾನೂನು ಇವುಗಳ ಪಾಲು ಇದರಲ್ಲಿ ದೊಡ್ಡದು. ಹುಲಿ ಇದ್ದ ಕಾಡಿನಲ್ಲೇ ತಲೆಮಾರುಗಳಿಂದ ಬಾಳಿದ ಜನರ ಸಹನೆಯ ಪಾಲೂ ಇದೆ.

ಸೋಲಿಗರ ಮಾತಿನಲ್ಲಿ ಭಕ್ತಿಯಷ್ಟೇ ಇದೆ ಎಂದು ತಿಳಿದವರಿಗೆ ಉತ್ತರ ಸಿಕ್ಕಿದ್ದು ಕೊಡಿಗೇಹಳ್ಳಿಗೆ ನೆರೆಯ ಜಕ್ಕೂರಿನಿಂದ. ಅಲ್ಲಿರುವ ಏಟ್ರೀ ಸಂಸ್ಥೆ 1996ರಿಂದ ಪರಿಸರ ಸಂಶೋಧನೆ ನಡೆಸುತ್ತಿದೆ, ಬಿಳಿಗಿರಿ ಬೆಟ್ಟದಲ್ಲಿ ಅದರ ಕೆಲಸ ಹಳೆಯದು. ಮೊದಲು ಸೋಲಿಗರು ಬೇಸಿಗೆಗೆ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಣಿಕೆ ಹತ್ತಿ ಸಾಯತೊಡಗಿದವು ಎಂದು ಸೋಲಿಗರು ಹೇಳುತ್ತಲೇ ಬಂದರು. ಬೆಂಕಿಯೆಂದರೆ ಕಾಡಿನ ಶತ್ರು ಎಂಬ ಕತೆ ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ಗಟ್ಟಿಯಾಗಿತ್ತು, ಹಾಗಾಗಿ ಈ ಮಾತಿಗೆ ಕಿವಿ ಸಿಗಲಿಲ್ಲ. ಸಂಶೋಧಕರು ಸೋಲಿಗರ ಜೊತೆ ಕೂತು ಲೆಕ್ಕ ಹಾಕಿದಾಗ ಬಂದಣಿಕೆ ಮತ್ತು ನೆಲ್ಲಿಯ ಸಾವಿನ ನಂಟು ಅಂಕಿಗಳಲ್ಲೂ ಕಂಡಿತು. ಈ ಪ್ರಕರಣದಲ್ಲಿ ಕುರುಡಾಗಿ ನಂಬಿದ ಕತೆ ಕಚೇರಿಯದು, ಕಣ್ಣಾರೆ ನೋಡಿ ಹೇಳಿದ ಮಾತು ಕಾಡಿನವರದು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರಿಗೆ ಅಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ದೊಡ್ಡ ಕಣ್ಣಿನ ಶಾಪ

ಅಂಗೈಯಲ್ಲಿ ಹಿಡಿಸುವ ಪ್ರಾಣಿ. ದುಂಡು ಮುಖದ ತುಂಬ ಕಣ್ಣು. ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ನಡೆದು ಹುಳು ಹುಪ್ಪಟೆ ತಿನ್ನುವ ಕಾಡುಪಾಪ ಮಂಗನ ದೂರದ ನೆಂಟ. ಬೆಂಗಳೂರಿನಲ್ಲಿ ಅದು ಇನ್ನೂ ಇದೆ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಂಥ ಹಳೆಯ ಮರಗಳ ಆವರಣ ಅದರ ಕೊನೆಯ ಆಸರೆ. 2014ರಲ್ಲಿ ಶುರುವಾದ ನಗರದ ಕಾಡುಪಾಪ ಯೋಜನೆಯಲ್ಲಿ ನಾಗರಿಕರು ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಅದನ್ನು ಹುಡುಕುತ್ತ ನಡೆದರು.

ಅದಕ್ಕೆ ಕುತ್ತು ತಂದದ್ದರಲ್ಲಿ ಕಡಿದ ಮರಗಳಷ್ಟೇ ಪಾಲು ಕತೆಗಳದ್ದೂ ಇದೆ. ಅದರ ಕಣ್ಣಿನಿಂದ ವಶೀಕರಣದ ಮದ್ದು ಆಗುತ್ತದಂತೆ. ಅದರ ಮೈಗೆ ಮಾಡಿದ ಗಾಯ ದೂರದ ಶತ್ರುವಿನ ಮೈಯಲ್ಲಿ ಏಳುತ್ತದಂತೆ. ಈ ‘ಅಂತೆ’ಗಳಿಗಾಗಿ ಅದನ್ನು ಹಿಡಿದು, ಚುಚ್ಚಿ, ಸುಟ್ಟಿದ್ದಾರೆ. ಮಣ್ಣುಮುಕ್ಕ ಹಾವಿನ ಪಾಡೂ ಅದೇ. ಮೊಂಡಾದ ಬಾಲವನ್ನು ಇನ್ನೊಂದು ತಲೆ ಎಂದು ನಂಬಿ, ಅದು ಮನೆಗೆ ಐಶ್ವರ್ಯ ತರುತ್ತದೆ ಎಂದು ಲಕ್ಷಗಟ್ಟಲೆಗೆ ಕುದುರಿಸುವ ಜಾಲಗಳನ್ನು ಬೆಂಗಳೂರು ಪೊಲೀಸರು ಹಲವು ಸಲ ಹಿಡಿದಿದ್ದಾರೆ. ಇಲಿ ತಿಂದು ರೈತನ ರಾಗಿ ಉಳಿಸುವ ಗೂಬೆ ಅಪಶಕುನದ ಹೆಸರಿನಲ್ಲಿ ಕಲ್ಲೇಟು ತಿನ್ನುತ್ತದೆ.

ನಾಗರಹಾವಿನ ಕತೆ ಇಷ್ಟು ಸರಳವಲ್ಲ. ದೊಡ್ಡಬಳ್ಳಾಪುರದ ಆಚೆಯ ಘಾಟಿ ಸುಬ್ರಹ್ಮಣ್ಯದಲ್ಲಿ ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ಹಳ್ಳಿಗಳ ಅಶ್ವತ್ಥಕಟ್ಟೆಯಲ್ಲೂ ಅವೇ. ಆ ಭಯಭಕ್ತಿ ಎಷ್ಟೋ ನಾಗರಹಾವುಗಳ ಜೀವ ಉಳಿಸಿದೆ. ಅದೇ ಭಕ್ತಿ ಪಂಚಮಿಯಂದು ಹುತ್ತಕ್ಕೆ ಹಾಲು ಸುರಿಸುತ್ತದೆ, ಹಾವಿಗೆ ಹಾಲು ಆಹಾರವಲ್ಲ. ಹೊಡೆದವನ ಗುರುತಿಟ್ಟುಕೊಂಡು ಹಗೆ ತೀರಿಸುತ್ತದೆ ಎಂಬ ಭಯ ಹಾವನ್ನು ಅಟ್ಟಿ ಅಟ್ಟಿ ಕೊಲ್ಲಿಸುತ್ತದೆ. ಮಂತ್ರ ಹಾಕಿಸಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆ ಮನುಷ್ಯರನ್ನೇ ಕೊಲ್ಲುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಈ ಹೆಜ್ಜೆ ಇಟ್ಟ ಮೊದಲ ರಾಜ್ಯ ಇದು.

ನೆರಳು ಬಲ್ಲವರೂ ರಾಹು ಎನ್ನುವರು

ಸರಿಯಾದ ಮಾಹಿತಿ ಕೊಟ್ಟರೆ ಕೆಟ್ಟ ಕತೆ ತಾನಾಗಿ ಬಿದ್ದುಹೋಗುತ್ತದೆ ಎಂದು ನಂಬುವವರು ಗ್ರಹಣದ ಚರಿತ್ರೆ ನೋಡಬೇಕು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲೇ ಗ್ರಹಣ ನೆರಳಿನಿಂದ ಆಗುತ್ತದೆ ಎಂಬ ವಿವರಣೆ ಇದೆ. ಪಂಚಾಂಗ ಬರೆಯುವವರು ಅಂದಿನಿಂದ ನೆರಳನ್ನೇ ಲೆಕ್ಕ ಹಾಕುತ್ತಿದ್ದಾರೆ, ಹೆಸರು ಮಾತ್ರ ರಾಹು ಕೇತುಗಳದ್ದು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ದೂರದರ್ಶಕ ಹೂಡಿದ್ದರು. ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳು ಕಾದ ಅನಿಲ ಎಂಬುದು ಆ ಗ್ರಹಣದಲ್ಲಿ ಖಚಿತವಾಯಿತು.

ಅದಾಗಿ ಒಂದೂವರೆ ಶತಮಾನದ ಬಳಿಕ, 2019ರ ಡಿಸೆಂಬರ್ 26ರಂದು, ಬೆಂಗಳೂರಿನ ತಾರಾಲಯದಲ್ಲಿ ಜನ ಕಪ್ಪು ಕನ್ನಡಕ ಹಾಕಿಕೊಂಡು ಗ್ರಹಣ ನೋಡಿದರು. ಅದೇ ಬೆಳಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಆ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆಸ್ಪತ್ರೆ ಕೊಡದ ಭರವಸೆಯನ್ನು ಒಂದು ಕತೆ ಕೊಟ್ಟಿತ್ತು. ಅವರ ಮುಂದೆ ನೆರಳಿನ ರೇಖಾಚಿತ್ರ ಬರೆದು ತೋರಿಸಿದರೆ ಆ ಭರವಸೆಯ ಜಾಗ ಖಾಲಿಯೇ ಉಳಿಯುತ್ತದೆ.

ಆ ಖಾಲಿ ಜಾಗಕ್ಕೆ ಏನು ತುಂಬಬೇಕು ಎಂಬುದನ್ನು ಕನ್ನಡದ ಕೆಲವು ಬರಹಗಾರರು ಚೆನ್ನಾಗಿ ಅರಿತಿದ್ದರು. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಬಿ. ಜಿ. ಎಲ್. ಸ್ವಾಮಿ ವಿದ್ಯಾರ್ಥಿಗಳ ಜೊತೆ ಗಿಡ ಹುಡುಕಿಕೊಂಡು ಅಲೆದದ್ದನ್ನು ನಗಿಸುತ್ತ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅದರಲ್ಲಿ ಹಾರುವ ಓತಿಯನ್ನು ಮೊದಲು ಕಂಡವನು ಊರಿನವರ ಕಣ್ಣಿಗೆ ದಂಡಪಿಂಡವಾದ ಮಂದಣ್ಣ, ಅವನ ಕಣ್ಣಿಗೆ ಬೆಲೆ ಕೊಡುವವರು ವಿಜ್ಞಾನಿ ಕರ್ವಾಲೊ. ಹಳ್ಳಿಯವನ ನೋಟವನ್ನು ಮೂಢನಂಬಿಕೆ ಎಂದು ತಳ್ಳದೆ, ವಿಜ್ಞಾನವನ್ನು ಉಪದೇಶ ಮಾಡದೆ, ಇಬ್ಬರನ್ನೂ ಒಂದೇ ಹುಡುಕಾಟದ ಜೀಪಿಗೆ ಹತ್ತಿಸಿದ ಕಾದಂಬರಿ ಅದು. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಓತಿ ನಿಜಕ್ಕೂ ಇದೆ. ಎಷ್ಟೋ ಕನ್ನಡಿಗರು ಅದನ್ನು ಮರದ ಮೇಲೆ ಹುಡುಕಿದ್ದು ಕಾದಂಬರಿ ಓದಿದ ಮೇಲೆ.

ಸಣ್ಣ ಊರುಗಳಲ್ಲೂ ಈ ಕೆಲಸ ನಡೆದಿದೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯಲ್ಲಿ ಹೈಸ್ಕೂಲಿನ ಮಕ್ಕಳು, ಮೇಷ್ಟರು ಕಾಡುಪಾಪದ ಪರ ನಿಂತರು. ಬೇಲಿಸಾಲಿನಲ್ಲಿ ಕಂಡ ಪ್ರಾಣಿಯ ಗುಣವನ್ನು ಮನೆಮನೆಯಲ್ಲಿ ಹೇಳಿದರು. ಶಾಪದ ಪ್ರಾಣಿ ನಿಧಾನಕ್ಕೆ ಊರಿನ ಹೆಮ್ಮೆಯ ಪ್ರಾಣಿಯಾಯಿತು. ಬೆದರಿಕೆಯ ಫಲಕದಿಂದ ಆಗದ್ದು ಮಕ್ಕಳು ಊಟದ ಹೊತ್ತಿನಲ್ಲಿ ಹೇಳಿದ ಕತೆಯಿಂದ ಆಯಿತು.

ಉತ್ತರ ಬೆಂಗಳೂರಿಗೆ ಈಗ ಬೇಕಾಗಿರುವುದೂ ಇಂಥದೇ ಕೆಲಸ. ಕೊಡಿಗೇಹಳ್ಳಿ, ತಿಂಡ್ಲು, ಅಮೃತಹಳ್ಳಿ, ಜಕ್ಕೂರಿನ ಹಳೆಯ ಮನೆಗಳಲ್ಲಿ ರಾಗಿ ಹೊಲ ಉತ್ತವರು, ಕೆರೆ ಕೋಡಿ ಹರಿದಾಗ ಗಂಗೆಪೂಜೆ ಮಾಡಿದವರು ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಪಕ್ಕದ ಜಿಕೆವಿಕೆ ಆವರಣದಲ್ಲೇ ಇರುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ ವಿಜ್ಞಾನಿಗಳ ಪತ್ರ, ನೆನಪು, ದಾಖಲೆಗಳಿಗಾಗಿ ದೊಡ್ಡ ಸಂಗ್ರಹಾಲಯ ಮಾಡಿದೆ. ಹಳ್ಳಿಯವರ ನೆನಪಿಗೆ ಅಂಥ ಕಪಾಟು ಇಲ್ಲ. ಅದನ್ನು ಬಡಾವಣೆಯ ಸಂಘಗಳು ಮತ್ತು ಶಾಲೆಗಳು ಶುರು ಮಾಡಬಹುದು, ಒಂದು ಮೊಬೈಲ್ ಫೋನು ಸಾಕು. ಕೇಳಬೇಕಾದ ಪ್ರಶ್ನೆಗಳೂ ಮೂರೇ: ಯಾವ ಕೆರೆಯ ಕೋಡಿ ಎಲ್ಲಿಗೆ ಹರಿಯುತ್ತಿತ್ತು, ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಯಾವ ಪ್ರಾಣಿಯ ಬಗ್ಗೆ ಏನು ಹೇಳುತ್ತಿದ್ದರು. ಸಿಕ್ಕ ಉತ್ತರಗಳನ್ನು ನಕ್ಷೆಯ ಪಕ್ಕ, ಮಳೆ ಲೆಕ್ಕದ ಪಕ್ಕ ಇಟ್ಟು ಮಕ್ಕಳೇ ಹೋಲಿಸಲಿ. ಯಾವುದನ್ನು ಮುಂದಕ್ಕೆ ಹೇಳಬೇಕು, ಯಾವುದನ್ನು ಅಲ್ಲಿಗೇ ನಿಲ್ಲಿಸಬೇಕು ಎಂದು ಅವರಿಗೇ ತಿಳಿಯುತ್ತದೆ. ಈ ಬೇಸಿಗೆ ರಜೆಯಲ್ಲೇ ಅದನ್ನು ಆರಂಭಿಸಿ.